ವಾಯೇಜರ್ ಕಲಿತದ್ದೇನು? ಆಟದೊಳಗೆ ಕ್ರಮವಿಧಿ ಬರೆಯುವ ಯಂತ್ರದ ಒಂದು ವಿಮರ್ಶೆ

ವಾಯೇಜರ್ ಎಂಬ ಹೆಸರು ಕೇಳಿದೊಡನೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ 1977ರಲ್ಲಿ ಉಡಾಯಿಸಿದ ಅವಳಿ ವ್ಯೋಮನೌಕೆಗಳು ನೆನಪಾಗುತ್ತವೆ. ಅದೇ ಹೆಸರಿನ ಇನ್ನೊಂದು ವಾಯೇಜರ್ 2023ರ ಮೇ ತಿಂಗಳಲ್ಲಿ ಹೊರಬಂತು. ಇದು ನೌಕೆಯಲ್ಲ, ತಂತ್ರಾಂಶ. ಇಟ್ಟ ಮೇಜಿನಿಂದ ಒಂದು ಮಿಲಿಮೀಟರ್ ಕೂಡ ಕದಲದು. ಮೈನ್‌ಕ್ರಾಫ್ಟ್ ಎಂಬ ಗಣಕ ಆಟದ ಲೋಕದಲ್ಲಿ ಅಲೆಯುತ್ತ, ತನಗೆ ಬೇಕಾದ ಕ್ರಮವಿಧಿಗಳನ್ನು ತಾನೇ ಬರೆದುಕೊಂಡು, ಅವನ್ನು ಆಟದೊಳಗೆ ಚಲಾಯಿಸಿ, ತಪ್ಪಿದರೆ ತಿದ್ದಿ, ಸರಿಬಂದರೆ ಕಡತದಲ್ಲಿ ಜೋಪಾನವಾಗಿರಿಸುವುದು ಇದರ ಕೆಲಸ. ಮನುಷ್ಯರ ನೆರವಿಲ್ಲದೆ ಜೀವನಪರ್ಯಂತ ಕಲಿಯುತ್ತ ಹೋಗುವ ಏಜೆಂಟ್ ಎಂಬುದು ಇದರ ಕರ್ತೃಗಳ ಹೇಳಿಕೆ.

ಕನ್ನಡಿಗರಿಗೆ ಇದರಲ್ಲಿ ತುಸು ಹೆಚ್ಚಿನ ಆಸಕ್ತಿ ಇರಲು ಕಾರಣವಿದೆ. ಎನ್‌ವಿಡಿಯಾ ಸಂಸ್ಥೆ, ಕ್ಯಾಲಿಫೋರ್ನಿಯದ ಕ್ಯಾಲ್‌ಟೆಕ್ ಮತ್ತು ಇನ್ನೂ ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ ಬರೆದ ಈ ಪ್ರಬಂಧದ ಹಿರಿಯ ಕರ್ತೃಗಳಲ್ಲಿ ಒಬ್ಬರು ಅನಿಮಾ ಆನಂದ್‌ಕುಮಾರ್. ಅವರು ಹುಟ್ಟಿದ್ದು ಮೈಸೂರಿನಲ್ಲಿ. 1905ರಲ್ಲಿ ಮೈಸೂರಿನ ಓರಿಯಂಟಲ್ ಗ್ರಂಥಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ಗುರುತಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳ ವಂಶಕ್ಕೆ ಸೇರಿದವರು. ನಮ್ಮವರ ಕೃತಿ ಎಂಬ ಹೆಮ್ಮೆ ಸಹಜ. ಆದರೆ ವಿಜ್ಞಾನದ ಪ್ರಬಂಧಕ್ಕೆ ಸಲ್ಲಬೇಕಾದ ಗೌರವ ಅದನ್ನು ಸಾಲುಸಾಲಾಗಿ ಓದಿ ಒರೆಗೆ ಹಚ್ಚುವುದೇ ಆಗಿದೆ.

ಎರಡು ಮೂರು ವರ್ಷ ಹಿಂದಿನ ಪ್ರಬಂಧವನ್ನು ಈಗ ಎತ್ತಿಕೊಂಡಿದ್ದೇಕೆ ಎಂದು ನೀವು ಕೇಳಬಹುದು. ಅಂದು ಪ್ರಯೋಗಾಲಯದ ಕೌತುಕವಾಗಿದ್ದ ಈ ಏರ್ಪಾಡು ಇಂದು ಅಂಗಡಿ ಸರಕಾಗಿದೆ. ಭಾಷಾ ಮಾದರಿಗಳನ್ನು ಹೊರಗಿನ ಉಪಕರಣಗಳಿಗೆ ಜೋಡಿಸುವ ಒಂದು ಸಾಮಾನ್ಯ ಒಡಂಬಡಿಕೆಯನ್ನು ಆಂತ್ರಾಪಿಕ್ ಸಂಸ್ಥೆ 2024ರ ನವೆಂಬರಿನಲ್ಲಿ ಪ್ರಕಟಿಸಿತು. ಅದನ್ನು ಬಳಸಿಕೊಂಡು 2025ರಲ್ಲಿ ರೋಬ್ಲಾಕ್ಸ್ ಎಂಬ ಆಟದ ಕಂಪನಿ ತನ್ನ ಆಟ ರಚಿಸುವ ತಂತ್ರಾಂಶಕ್ಕೆ ಒಂದು ಕೊಂಡಿ ಒದಗಿಸಿತು. ಅದರಲ್ಲಿನ ಒಂದು ಉಪಕರಣದ ಕೆಲಸ ಇಷ್ಟೇ: ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಸ್ಕ್ರಿಪ್ಟನ್ನು ಆಟದ ಲೋಕದೊಳಗೆ ಚಲಾಯಿಸುವುದು. ಈ ಸಂತತಿಗೆಲ್ಲ ಹಿರಿಯಣ್ಣನಂತಿರುವುದು ವಾಯೇಜರ್. ಅದರ ಲೆಕ್ಕಪತ್ರ ಬಹಿರಂಗವಾಗಿದೆ, ಮೂಲ ಸಂಕೇತವೂ ಮುಕ್ತವಾಗಿದೆ. ಆದ್ದರಿಂದ ಪರೀಕ್ಷಿಸಲು ಇದೇ ಅನುಕೂಲ. ಅಲ್ಲದೆ, ಇಂಥ ಆಟದ ಲೋಕದಲ್ಲೇ ಪ್ರಯೋಗ ಮಾಡಿಸಿದರೆ ಪ್ರಯೋಗಾಲಯದ ಖರ್ಚು ಉಳಿಯುತ್ತದಲ್ಲ ಎಂಬ ಮಾತು ಕಾಲೇಜುಗಳಲ್ಲಿ ಕೇಳಿಬರುತ್ತಿದೆ. ಅದಕ್ಕೂ ಉತ್ತರ ಹುಡುಕಬೇಕಾಗಿದೆ.

ಯಂತ್ರದ ಒಳಗೆ

ಮೈನ್‌ಕ್ರಾಫ್ಟ್ ಸ್ವೀಡನ್ನಿನಲ್ಲಿ ಹುಟ್ಟಿದ ಆಟ. ಪೂರ್ಣರೂಪದಲ್ಲಿ ಬಿಡುಗಡೆಯಾದದ್ದು 2011ರಲ್ಲಿ. 2014ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಈ ಲೋಕವೆಲ್ಲ ಒಂದೊಂದು ಮೀಟರ್ ಅಂಚಿನ ಘನಗಳಿಂದ ಕಟ್ಟಿದ್ದು. ಆಟಗಾರ ಮರ ಕಡಿದು ಹಲಗೆ, ಹಲಗೆಯಿಂದ ಮೇಜು, ಮರದ ಪಿಕಾಸಿ, ಅದರಿಂದ ಕಲ್ಲು ಅಗೆದು ಕಲ್ಲಿನ ಪಿಕಾಸಿ, ಆಮೇಲೆ ಕಬ್ಬಿಣ, ಕೊನೆಗೆ ವಜ್ರ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಗೆದ್ದೆ ಎನ್ನುವ ಕೊನೆ ಇಲ್ಲದಿರುವುದರಿಂದಲೇ ಸಂಶೋಧಕರಿಗೆ ಇದು ಪ್ರಿಯ.

ವಾಯೇಜರ್‌ನಲ್ಲಿ ಮೂರು ಅಂಗಗಳಿವೆ. ಇವುಗಳ ಹಿಂದಿರುವ ಮುಖ್ಯ ತಲೆ 2023ರ ಮಾರ್ಚಿನಲ್ಲಿ ಬಂದ ಜಿಪಿಟಿ-4 ಭಾಷಾ ಮಾದರಿ. ಮೊದಲನೆಯ ಅಂಗ ಪಠ್ಯಕ್ರಮ. ಕೈಯಲ್ಲಿ ಏನಿದೆ, ಸುತ್ತ ಯಾವ ಘನಗಳಿವೆ, ಹಸಿವೆಷ್ಟು ಎಂಬುದನ್ನೆಲ್ಲ ಅಕ್ಷರರೂಪದಲ್ಲಿ ಕೊಟ್ಟು ಮುಂದಿನ ಕೆಲಸ ಯಾವುದೆಂದು ಮಾದರಿಯನ್ನು ಕೇಳಲಾಗುತ್ತದೆ. ಎರಡನೆಯದು ಬರೆಹ. ಆ ಕೆಲಸಕ್ಕೆ ತಕ್ಕ ಕ್ರಮವಿಧಿಯನ್ನು ಮಾದರಿ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯುತ್ತದೆ. ಮೈನ್‌ಫ್ಲೇಯರ್ ಎಂಬ ಗ್ರಂಥಾಲಯದ ಮೂಲಕ ಅದು ಚಾಲನೆಯಾಗುತ್ತದೆ. ಏನಾದರೂ ಕೊರತೆಯಾದರೆ, ಉದಾಹರಣೆಗೆ ಎದೆಗವಚ ಮಾಡಲು ಇನ್ನೂ 7 ಕಬ್ಬಿಣದ ಗಟ್ಟಿ ಬೇಕು ಎಂಬ ಸಂದೇಶ ಬಂದರೆ, ಅದನ್ನು ಮತ್ತೆ ಮಾದರಿಗೆ ತೋರಿಸಿ ತಿದ್ದಿಸಲಾಗುತ್ತದೆ. ನಾಲ್ಕು ಸುತ್ತು ತಿದ್ದಿದರೂ ಆಗದಿದ್ದರೆ ಆ ಕೆಲಸ ಬಿಟ್ಟು ಬೇರೆಯದಕ್ಕೆ ಹೋಗುತ್ತದೆ. ಕೆಲಸ ಆಯಿತೋ ಇಲ್ಲವೋ ಎಂದು ತೀರ್ಮಾನಿಸುವುದೂ ಜಿಪಿಟಿ-4. ಮೂರನೆಯದು ಕೌಶಲ ಭಂಡಾರ. ಸರಿಬಂದ ಕ್ರಮವಿಧಿಗೆ ಒಂದು ವಿವರಣೆ ಬರೆಸಿ, ಆ ವಿವರಣೆಯನ್ನು ಸಂಖ್ಯೆಗಳ ಸಾಲಾಗಿ ಪರಿವರ್ತಿಸಿ ಕಡತದಲ್ಲಿಡುತ್ತಾರೆ. ಹೊಸ ಕೆಲಸ ಬಂದಾಗ ಅದಕ್ಕೆ ಹತ್ತಿರದ ಐದು ಹಳೆಯ ಕ್ರಮವಿಧಿಗಳನ್ನು ತೆಗೆದು ಮಾದರಿಯ ಮುಂದಿಡುತ್ತಾರೆ.

ಈ ಮೂರನೆಯ ಅಂಗ ನನಗೆ ನಿಜಕ್ಕೂ ಮೆಚ್ಚುಗೆಯಾಯಿತು. ಸಾಮಾನ್ಯವಾಗಿ ಇಂಥ ಯಂತ್ರಗಳು ಕಲಿತದ್ದು ಕೋಟ್ಯಂತರ ಸಂಖ್ಯೆಗಳಲ್ಲಿ ಹೂತುಹೋಗಿರುತ್ತದೆ, ಯಾರೂ ಓದಲಾರರು. ಇಲ್ಲಿ ಹಾಗಲ್ಲ. ಕಲಿತದ್ದೆಲ್ಲ ಓದಬಹುದಾದ ಸ್ಕ್ರಿಪ್ಟ್ ಕಡತ. ಜಾವಾಸ್ಕ್ರಿಪ್ಟ್ ಬಲ್ಲ ಬಿ.ಸಿ.ಎ. ವಿದ್ಯಾರ್ಥಿ ಅದನ್ನು ತೆರೆದು ಇಲ್ಲಿ ಎಡವಿದೆ ಎಂದು ಬೆರಳಿಟ್ಟು ತೋರಿಸಬಹುದು. ಒಳ್ಳೆಯ ವಿದ್ಯಾರ್ಥಿಯ ಪ್ರಯೋಗ ದಾಖಲೆ ಪುಸ್ತಕದ ಗುಣ ಇದರಲ್ಲಿದೆ.

ಹದಿನೈದು ಪಟ್ಟು ಎಂದರೆ ಎಷ್ಟು?

ಈಗ ಫಲಿತಾಂಶಕ್ಕೆ ಬರೋಣ. ಹಿಂದಿನ ವಿಧಾನಗಳಿಗಿಂತ 3.3 ಪಟ್ಟು ಹೆಚ್ಚು ವಸ್ತುಗಳನ್ನು ಸಂಪಾದಿಸಿತು, 2.3 ಪಟ್ಟು ದೂರ ಕ್ರಮಿಸಿತು, ಮೆಟ್ಟಿಲುಗಳನ್ನು 15.3 ಪಟ್ಟಿನವರೆಗೂ ಬೇಗ ಏರಿತು ಎಂದು ಪ್ರಬಂಧದ ಸಾರಾಂಶ ಸಾರುತ್ತದೆ. ಸುದ್ದಿಯಾದದ್ದು ಈ 15.3. ಅದು ಎಲ್ಲಿಂದ ಬಂತೆಂದು ಕೋಷ್ಟಕದಲ್ಲಿ ನೋಡಿ. ಮರದ ಉಪಕರಣದ ಮೆಟ್ಟಿಲಿಗೆ ವಾಯೇಜರ್‌ಗೆ ಬೇಕಾದ ಸುತ್ತುಗಳು 6±2. ಆಟೋಜಿಪಿಟಿ ಎಂಬ ಎದುರಾಳಿಗೆ 92±72. ತೊಂಬತ್ತೆರಡನ್ನು ಆರರಿಂದ ಭಾಗಿಸಿದರೆ 15.3.

ಪ್ರಥಮ ವರ್ಷದ ಬಿ.ಎಸ್‌ಸಿ. ಪ್ರಾಯೋಗಿಕ ತರಗತಿಯಲ್ಲಿ ನಾವು ಕಲಿಸುವ ದೋಷಗಣನೆಯನ್ನು ಇದಕ್ಕೆ ಅನ್ವಯಿಸಿರಿ. ಒಂದರ ಸಾಪೇಕ್ಷ ಚದರಿಕೆ 0.33, ಇನ್ನೊಂದರದು 0.78. ವರ್ಗಗಳ ಮೊತ್ತದ ವರ್ಗಮೂಲ ಸುಮಾರು 0.85. ಅಂದರೆ ಉತ್ತರ ಹದಿನೈದು, ಹೆಚ್ಚುಕಡಿಮೆ ಹದಿಮೂರು! ಇಷ್ಟು ದೊಡ್ಡ ಚದರಿಕೆಗೆ ಈ ಸೂತ್ರ ಸರಿಯಾಗಿ ಹೊಂದದು ಎಂಬುದು ನಿಜ. ಸರಾಸರಿಯ ಅನಿಶ್ಚಿತತೆಯನ್ನಷ್ಟೇ ಲೆಕ್ಕ ಹಿಡಿದರೆ ಮೂರರ ವರ್ಗಮೂಲದಿಂದ ಭಾಗಿಸಬೇಕು, ಆಗ ಏಳೂವರೆಯಾಗುತ್ತದೆ. ಮೂರರ ವರ್ಗಮೂಲ ಏಕೆ? ಪ್ರತಿಯೊಂದು ಅಳತೆಯೂ ಮೂರೇ ಓಟಗಳ ಸರಾಸರಿ. ಮೂರು ವಾಚನ ತೆಗೆದು ದಶಮಾಂಶದ ನಂತರದ ಅಂಕಿ ಬರೆದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ವಾಯೇಜರ್ ಬೇಗ ಏರಿತು ಎಂಬ ಮಾತಿನಲ್ಲಿ ನನಗೆ ಅನುಮಾನವಿಲ್ಲ. 15.3 ಎಂಬ ಅಂಕಿಗೆ ಮಾತ್ರ ಬೆಲೆಯಿಲ್ಲ.

ಅದೇ ಕೋಷ್ಟಕದಲ್ಲಿ ಇನ್ನೊಂದು ಸಾಲಿದೆ. ಕೌಶಲ ಭಂಡಾರವನ್ನು ತೆಗೆದುಹಾಕಿ ಓಡಿಸಿದಾಗ ಮರ, ಕಲ್ಲು, ಕಬ್ಬಿಣದ ಮೆಟ್ಟಿಲುಗಳಿಗೆ 7±2, 9±4, 29±11 ಸುತ್ತುಗಳು ಬೇಕಾದವು. ಭಂಡಾರ ಇದ್ದಾಗ 6±2, 11±2, 21±7. ಕಲ್ಲಿನ ಮೆಟ್ಟಿಲಲ್ಲಿ ಭಂಡಾರವಿಲ್ಲದ್ದೇ ಮುಂದಿದೆ! ಉಳಿದೆರಡರಲ್ಲಿ ವ್ಯತ್ಯಾಸ ಚದರಿಕೆಯೊಳಗೇ ಅಡಗಿದೆ. ವಜ್ರದ ಮೆಟ್ಟಿಲಿಗೆ ಭಂಡಾರ ಸಹಿತದ ವಾಯೇಜರ್ ಮೂರು ಓಟಗಳಲ್ಲಿ ಒಮ್ಮೆ ತಲುಪಿತು, 102 ಸುತ್ತುಗಳಲ್ಲಿ. ರಹಿತದ್ದು ಒಮ್ಮೆಯೂ ಇಲ್ಲ. ಮೂರಕ್ಕೆ ಒಂದು, ಮೂರಕ್ಕೆ ಸೊನ್ನೆ, ಇವುಗಳ ನಡುವೆ ತೀರ್ಪು ಕೊಡಲು ನಾಣ್ಯ ಚಿಮ್ಮುವವನೂ ಹಿಂಜರಿದಾನು. ಭಂಡಾರದ ನಿಜವಾದ ಪ್ರಯೋಜನ ಕಾಣುವುದು ಬೇರೆ ರೇಖಾಚಿತ್ರದಲ್ಲಿ. 160 ಸುತ್ತುಗಳ ದೀರ್ಘ ಓಟದಲ್ಲಿ ವಾಯೇಜರ್ 63 ಬಗೆಯ ವಸ್ತುಗಳನ್ನು ಗಳಿಸಿದರೆ, ಭಂಡಾರವಿಲ್ಲದ ರೂಪ ಕೊನೆಕೊನೆಗೆ ಮುಗ್ಗರಿಸುತ್ತದೆ. ಕರ್ತೃಗಳು ಒತ್ತು ಕೊಡಬೇಕಾಗಿದ್ದದ್ದು ಇದಕ್ಕೆ.

ಸುತ್ತು ಎಂಬ ಮಾನದ ಬಗೆಗೂ ಒಂದು ಮಾತು. ಇದು ಕಾಲದ ಅಳತೆಯಲ್ಲ, ಮಾದರಿಯನ್ನು ಎಷ್ಟು ಬಾರಿ ಕೇಳಿದೆವು ಎಂಬ ಎಣಿಕೆ. ಒಂದೇ ಸುತ್ತಿನಲ್ಲಿ ಬರೆದ ಕ್ರಮವಿಧಿ ಆಟದೊಳಗೆ ಬಹುದೂರ ಅಲೆದಾಡಬಹುದು. ಘನ ಅಗೆಯುವುದು, ವಸ್ತು ತಯಾರಿಸುವುದು, ಅದಿರು ಕರಗಿಸುವುದು ಇವೆಲ್ಲ ಮನುಷ್ಯರು ಮೊದಲೇ ಬರೆದಿಟ್ಟ ಸಿದ್ಧ ಆಜ್ಞೆಗಳು. ಏಜೆಂಟ್ ಸತ್ತರೆ ಹತ್ತಿರದ ನೆಲದಲ್ಲೇ ಮರುಹುಟ್ಟು, ಗಂಟುಮೂಟೆ ಸಹಿತ. ಜಿಪಿಟಿ-4 ಯೋಚಿಸುವಾಗ ಆಟವನ್ನೇ ತಡೆಹಿಡಿಯುವ ವ್ಯವಸ್ಥೆಯೂ ಇದೆ. ಎದುರಾಳಿ ವಿಧಾನಗಳು ಮೂಲತಃ ಭಾಷೆಯ ಕೆಲಸಗಳಿಗೆಂದು ಹುಟ್ಟಿದವು. ಅವನ್ನು ಈ ಆಟಕ್ಕೆ ಅಳವಡಿಸಿದವರು ಇದೇ ಕರ್ತೃಗಳು. ಇದನ್ನು ಅವರು ಮುಚ್ಚಿಟ್ಟಿಲ್ಲ, ಆದರೆ ಸಾರಾಂಶ ಮಾತ್ರ ಓದುವವರಿಗೆ ತಿಳಿಯದು. ಹೋಲಿಕೆಗೆ ಹೇಳುವುದಾದರೆ, ಅದೇ 2023ರ ಆರಂಭದಲ್ಲಿ ಬಂದ ಡ್ರೀಮರ್‌ವಿ3 ಎಂಬ ಯಂತ್ರ ಪರದೆಯ ಚಿತ್ರ ನೋಡುತ್ತ, ಯಾರ ಆಟವನ್ನೂ ಅನುಕರಿಸದೆ, ಎಡವಿ ಎಡವಿ ವಜ್ರ ಅಗೆಯುವುದನ್ನು ಕಲಿತಿತು. ವಾಯೇಜರ್‌ಗೆ ಕಣ್ಣೇ ಇರಲಿಲ್ಲ. ಎಲ್ಲವನ್ನೂ ಓದಿ ಹೇಳಿದರು.

ತಾಮ್ರದ ಕತ್ತಿ

ಮುಖ್ಯ ಪ್ರಶ್ನೆ ಈಗ ಬರುತ್ತದೆ. ವಾಯೇಜರ್ ಆ ಲೋಕವನ್ನು ಶೋಧಿಸಿತೆ, ಅಥವಾ ಓದಿದ್ದನ್ನು ಒಪ್ಪಿಸಿತೆ? ಮೈನ್‌ಕ್ರಾಫ್ಟ್ ಬಗ್ಗೆ ಅಂತರಜಾಲದಲ್ಲಿ ಇರುವಷ್ಟು ಕೈಪಿಡಿ, ಸೂತ್ರ, ಚರ್ಚೆ ಇನ್ನಾವ ಆಟದ ಬಗೆಗೂ ಇರಲಾರದು. ಅಂತರಜಾಲದ ಪಠ್ಯವನ್ನು ಅರೆದು ಕುಡಿದ ಜಿಪಿಟಿ-4ಕ್ಕೆ ಮೂರು ಕಬ್ಬಿಣದ ಗಟ್ಟಿ ಮತ್ತು ಎರಡು ಕಡ್ಡಿ ಸೇರಿದರೆ ಪಿಕಾಸಿ ಎಂಬುದು ಆಟಕ್ಕೆ ಇಳಿಯುವ ಮೊದಲೇ ಗೊತ್ತು. ಇದಕ್ಕೆ ಪ್ರಬಂಧದಲ್ಲೇ ಪುರಾವೆಯಿದೆ. ಜಿಪಿಟಿ-4ರ ಬದಲು ಜಿಪಿಟಿ-3.5ರಿಂದ ಕ್ರಮವಿಧಿ ಬರೆಸಿದಾಗ ಗಳಿಕೆ ಸುಮಾರು ಆರರಲ್ಲಿ ಒಂದು ಭಾಗಕ್ಕೆ ಇಳಿಯಿತು. ಉಳಿದ ಏರ್ಪಾಡೆಲ್ಲ ಅದೇ. ಅಂದಮೇಲೆ ಬಲದ ಬಹುಪಾಲು ಏರ್ಪಾಡಿಗೆ ಮೊದಲೇ ಮಾದರಿಯೊಳಗೆ ಇತ್ತು.

ಹೊಸ ಲೋಕದಲ್ಲಿ ಬರಿಗೈಯಲ್ಲಿ ಇಳಿಸಿ, ಹಿಂದೆ ಮಾಡದ ಕೆಲಸಗಳನ್ನು ಕೊಟ್ಟು ಪರೀಕ್ಷಿಸಿದ್ದೇವೆ ಎಂದು ಕರ್ತೃಗಳು ಹೇಳುತ್ತಾರೆ. ವಜ್ರದ ಪಿಕಾಸಿ, ಚಿನ್ನದ ಕತ್ತಿ, ಲಾವಾ ತುಂಬಿದ ಬಕೆಟ್, ದಿಕ್ಸೂಚಿ, ಈ ನಾಲ್ಕನ್ನೂ ವಾಯೇಜರ್ ಸಾಧಿಸಿತು. ಆದರೆ ಹೊಸದಾದದ್ದು ಭೂಪಟ ಮಾತ್ರ, ನಿಯಮಗಳಲ್ಲ. ಮಡಿಕೇರಿಯಲ್ಲಿ ಅಡುಗೆ ಬಲ್ಲವನು ವಿರಾಜಪೇಟೆಯಲ್ಲೂ ಅಡುಗೆ ಮಾಡುತ್ತಾನೆ. ಅದರಿಂದ ಅಕ್ಕಿ ಬೇಯುವ ರಸಾಯನ ಅವನಿಗೆ ತಿಳಿದಿದೆ ಎನ್ನಲಾಗದು. ನಿಯಮಗಳನ್ನೇ ಬದಲಿಸಿದ ಪರೀಕ್ಷೆ ಬೇಕಿತ್ತು. ಪಿಕಾಸಿಯ ಸೂತ್ರವನ್ನು ಸಲಿಕೆಗೂ ಸಲಿಕೆಯದನ್ನು ಪಿಕಾಸಿಗೂ ಕೊಟ್ಟುಬಿಡಿ. ಕಬ್ಬಿಣದ ಹೆಸರನ್ನು ಅರ್ಥವಿಲ್ಲದ ಶಬ್ದವಾಗಿಸಿ. ಆಗ ಎಷ್ಟು ಸುತ್ತುಗಳಲ್ಲಿ ಚೇತರಿಸಿಕೊಳ್ಳುತ್ತದೆ? ಕಲಿಕೆಯ ನಿಜವಾದ ಅಳತೆ ಅದು. ಅಂಥ ನಿಯಂತ್ರಿತ ಪ್ರಯೋಗ ಪ್ರಬಂಧದಲ್ಲಿಲ್ಲ.

ಯಂತ್ರ ಎಡವಿದ ಕಡೆ ಇದು ಚೆನ್ನಾಗಿ ಕಾಣುತ್ತದೆ. ಒಮ್ಮೆ ಅಕೇಶಿಯ ಮರ ಸಿಕ್ಕಿತೆಂದು ಅಕೇಶಿಯ ಕೊಡಲಿ ಮಾಡಹೊರಟಿತು. ಆಟದಲ್ಲಿ ಅಂಥ ಕೊಡಲಿಯಿಲ್ಲ. ದೋಷ ಸಂದೇಶ ನೋಡಿ ತಿದ್ದಿಕೊಂಡಿತು. ಜೇಡವನ್ನು ಕೊಂದ ಗುರುತಾಗಿ ಬಂದ ನೂಲನ್ನು ಕಂಡೂ ಕೆಲಸ ಆಗಿದೆಯೆಂದು ಅದರ ಪರೀಕ್ಷಕ ಅಂಗಕ್ಕೆ ಹೊಳೆಯದ ಸಂದರ್ಭವೂ ಇತ್ತು. ಉತ್ತರ ಬರೆದವನೇ ಮೌಲ್ಯಮಾಪಕನಾದರೆ ಹೀಗಾಗುವುದು ಸಹಜ. ಆದರೂ ಆ ಪರೀಕ್ಷಕನನ್ನು ತೆಗೆದರೆ ಗಳಿಕೆ ಶೇಕಡ 73ರಷ್ಟು ಕುಸಿಯಿತೆಂಬುದನ್ನು ಗಮನಿಸಬೇಕು. ಸ್ವವಿಮರ್ಶೆ ಅಪೂರ್ಣವಾಗಿದ್ದರೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ತಾಮ್ರದ ಕತ್ತಿ. ತಾಮ್ರದ ಕತ್ತಿ ಮಾಡು, ತಾಮ್ರದ ಎದೆಗವಚ ಮಾಡು ಎಂದು ಪಠ್ಯಕ್ರಮ ಆಗಾಗ ಸೂಚಿಸುತ್ತಿತ್ತು. ಆಟದಲ್ಲಿ ತಾಮ್ರವಿತ್ತು, ಕತ್ತಿಯಿರಲಿಲ್ಲ. ಕರ್ತೃಗಳು ಇದನ್ನು ಭ್ರಮೆಗಳ ಪಟ್ಟಿಗೆ ಪ್ರಾಮಾಣಿಕವಾಗಿ ಸೇರಿಸಿದರು. 2025ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ಮೈನ್‌ಕ್ರಾಫ್ಟ್‌ನ ಹೊಸ ಆವೃತ್ತಿಯಲ್ಲಿ ತಾಮ್ರದ ಕತ್ತಿಯೂ ಬಂತು, ತಾಮ್ರದ ಎದೆಗವಚವೂ ಬಂತು! 2023ರ ಭ್ರಮೆ 2025ರಲ್ಲಿ ವಾಸ್ತವ. ಯಂತ್ರ ಭವಿಷ್ಯ ನುಡಿಯಿತೆಂದು ಯಾರೂ ತಿಳಿಯಬೇಡಿ. ಕಂಪನಿಯೊಂದು ನಿಯಮ ತಿದ್ದಿತು, ಅಷ್ಟೇ. ಆಟದ ಲೋಕದಲ್ಲಿ ಸತ್ಯವೆಂದರೆ ಆ ಹೊತ್ತಿನ ಆವೃತ್ತಿ. ನಮ್ಮ ಲೋಕದ ತಾಮ್ರದ ವಿದ್ಯುದ್ವಾಹಕತೆಯನ್ನು ಯಾವ ಕಂಪನಿಯೂ ಮುಂದಿನ ಸೆಪ್ಟೆಂಬರಿಗೆ ಬದಲಿಸಲಾರದು.

ಆ ಲೋಕದ ಗುರುತ್ವ

ಹಾಗಾದರೆ ಈ ಲೋಕದಲ್ಲಿ ಭೌತವಿಜ್ಞಾನ ಎಷ್ಟಿದೆ? ಆಟದ ಗಡಿಯಾರ ಸೆಕೆಂಡಿಗೆ 20 ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೂ ಬೀಳುವ ಆಟಗಾರನ ವೇಗ ಮಿಡಿತಕ್ಕೆ 0.08 ಘನದಷ್ಟು ಹೆಚ್ಚುತ್ತದೆ, ಬಳಿಕ 0.98ರಿಂದ ಗುಣಿಸಲ್ಪಡುತ್ತದೆ. 0.08ನ್ನು 20ರ ವರ್ಗದಿಂದ ಗುಣಿಸಿದರೆ ಗುರುತ್ವ ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ 32 ಮೀಟರ್. ನಮ್ಮ 9.8ರ ಮೂರು ಪಟ್ಟಿಗಿಂತ ಹೆಚ್ಚು! ಗಾಳಿಯ ತಡೆ ವೇಗಕ್ಕೆ ಅನುಪಾತದಲ್ಲಿದ್ದು ಅಂತ್ಯವೇಗ ಸೆಕೆಂಡಿಗೆ 78.4 ಮೀಟರ್ ಆಗುತ್ತದೆ. 20 ಮೀಟರ್ ಎತ್ತರದಿಂದ ನಮ್ಮಲ್ಲಿ ಕಲ್ಲು ಬೀಳಲು ಎರಡು ಸೆಕೆಂಡ್ ಬೇಕು. ಅಲ್ಲಿ ಆಟಗಾರ ಒಂದೂಕಾಲು ಸೆಕೆಂಡಿನಲ್ಲಿ ನೆಲ ಮುಟ್ಟುತ್ತಾನೆ.

ಮರದ ಬುಡ ಕಡಿದರೆ ಮೇಲಿನ ಕಾಂಡ ಗಾಳಿಯಲ್ಲೇ ನಿಲ್ಲುತ್ತದೆ. ಅದಿರು ಯಾವುದೇ ಇರಲಿ, ಸಾಮಾನ್ಯ ಕುಲುಮೆಯಲ್ಲಿ ಕರಗಲು ಹತ್ತೇ ಸೆಕೆಂಡ್. ಎರಡಕ್ಕೆರಡು ಗುಂಡಿ ತೋಡಿ ಎದುರುಬದುರು ಮೂಲೆಗಳಿಗೆ ಎರಡು ಬಕೆಟ್ ನೀರು ಸುರಿದರೆ ಎಂದೂ ಬತ್ತದ ಬಾವಿ ಸಿದ್ಧ. ಬೇಸಿಗೆಯಲ್ಲಿ ಕುಶಾಲನಗರದ ಬಳಿ ಕಾವೇರಿ ತೆಳ್ಳಗಾಗುವುದನ್ನು ವರ್ಷವರ್ಷವೂ ನೋಡುವ ನಮಗೆ ಇದಕ್ಕಿಂತ ದೊಡ್ಡ ಮಾಂತ್ರಿಕತೆ ಬೇಕೆ? ಮರಳು, ಜಲ್ಲಿಯಂಥ ಕೆಲವು ಮಾತ್ರ ಕೆಳಗೆ ಬೀಳುತ್ತವೆ, ಮಣ್ಣು ಬೀಳದು. ಗುಡ್ಡವನ್ನು ನೆಟ್ಟಗೆ ಕೊರೆದು ಅದರ ಕೆಳಗೆ ಮನೆ ಕಟ್ಟಿ. ಎಷ್ಟು ಮಳೆ ಸುರಿದರೂ ಕದಲದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮಕ್ಕಂದೂರು ಸುತ್ತಿನ ಗುಡ್ಡಗಳು ಕುಸಿದುದನ್ನು, 2020ರಲ್ಲಿ ಬ್ರಹ್ಮಗಿರಿ ಜಾರಿದುದನ್ನು ಕಂಡ ಜಿಲ್ಲೆಯ ಮಕ್ಕಳಿಗೆ ಇಳಿಜಾರಿನ ಸ್ಥಿರತೆಯನ್ನು ಈ ಲೋಕದಲ್ಲಿ ಕಲಿಸುವುದೆಂದರೆ ತಪ್ಪು ಕಲಿಸುವುದೇ ಸರಿ. ರಂಧ್ರಗಳಲ್ಲಿ ತುಂಬಿದ ನೀರಿನ ಒತ್ತಡ ಮಣ್ಣಿನ ಕಣಗಳ ನಡುವಿನ ಹಿಡಿತವನ್ನು ಹೇಗೆ ಸಡಿಲಿಸುತ್ತದೆ ಎಂಬುದು ಅಲ್ಲಿ ಇಲ್ಲವೇ ಇಲ್ಲ.

ಹೀಗೆಂದು ಆಟ ನಿರುಪಯುಕ್ತವೆಂದು ನಾನು ಹೇಳುತ್ತಿಲ್ಲ. ಅದರ ಗುರುತ್ವವನ್ನು ಅಳೆಯುವುದೇ ಒಂದು ಸೊಗಸಾದ ಪ್ರಯೋಗ. ಪ್ರತಿ ಮಿಡಿತದ ಎತ್ತರವನ್ನು ಬರೆದಿಡುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು, ನಕ್ಷೆ ಎಳೆದು, 32 ಹೇಗೆ ಬಂತು, ತಡೆಯ ಗುಣಾಂಕ ಎಷ್ಟು ಎಂದು ವಿದ್ಯಾರ್ಥಿ ಕಂಡುಹಿಡಿಯಲಿ. ವಾಯೇಜರ್ ತನ್ನ 160 ಸುತ್ತುಗಳ ಓಟದಲ್ಲಿ ಮಾಡದೆ ಬಿಟ್ಟದ್ದು ಇದನ್ನೇ. ಅದು ವಸ್ತುಗಳನ್ನು ಸಂಗ್ರಹಿಸಿತು, ಏನನ್ನೂ ಅಳೆಯಲಿಲ್ಲ. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯ ಅನುಕರಣ ಪ್ರಯೋಗಗಳು ಲಾಕ್‌ಡೌನ್ ಕಾಲದಲ್ಲಿ ನೆರವಿಗೆ ಬಂದವು ನಿಜ. ಆದರೆ ಅವುಗಳಲ್ಲಾಗಲಿ ಆಟದಲ್ಲಾಗಲಿ ವರ್ನಿಯರಿನ ಶೂನ್ಯದೋಷವಿಲ್ಲ, ಮಳೆಗಾಲದ ತೇವಕ್ಕೆ ಸೋರುವ ವಿದ್ಯುತ್ ಆವೇಶವಿಲ್ಲ. ಜುಲೈ ತಿಂಗಳಲ್ಲಿ ಸ್ವರ್ಣಪತ್ರ ವಿದ್ಯುದ್ದರ್ಶಕದ ಎಲೆಗಳು ಏಕೆ ನಿಲ್ಲುವುದಿಲ್ಲ ಎಂದು ತಲೆಕೆರೆದುಕೊಂಡ ವಿದ್ಯಾರ್ಥಿ ನಿರೋಧಕಗಳ ಬಗ್ಗೆ ಪಠ್ಯಪುಸ್ತಕ ಹೇಳದ್ದನ್ನು ಕಲಿತಿರುತ್ತಾನೆ.

ಸ್ಕ್ರಿಪ್ಟ್ ಓಡುವುದು ಎಲ್ಲಿ?

ಕೊನೆಯದಾಗಿ, ಇದನ್ನು ತಮ್ಮ ಕಾಲೇಜಿನ ಗಣಕದಲ್ಲಿ ಹಾಕಿ ನೋಡಬಯಸುವ ಅಧ್ಯಾಪಕರಿಗೆ. ಆಟದೊಳಗೆ ಸ್ಕ್ರಿಪ್ಟ್ ಓಡುತ್ತದೆ ಎನ್ನುವ ಮಾತು ಪೂರ್ತಿ ನಿಜವಲ್ಲ. ವಾಯೇಜರ್ ಬರೆದ ಜಾವಾಸ್ಕ್ರಿಪ್ಟ್ ಆಟದ ಹೊರಗೆ, ನಿಮ್ಮ ಗಣಕದಲ್ಲಿರುವ ನೋಡ್ ಎಂಬ ಚಾಲಕದಲ್ಲಿ ಓಡುತ್ತದೆ. ಆಟಕ್ಕೆ ಹೋಗುವುದು ಅದರ ಆಜ್ಞೆಗಳು ಮಾತ್ರ. ಮೂಲ ಸಂಕೇತ ತೆರೆದು ನೋಡಿದರೆ, ದೂರದ ಮಾದರಿಯಿಂದ ಬಂದ ಪಠ್ಯವನ್ನು ನೇರವಾಗಿ ಕ್ರಮವಿಧಿಯೆಂದು ಭಾವಿಸಿ ಚಲಾಯಿಸುವ ಒಂದು ಸಾಲು ಸಿಗುತ್ತದೆ. ಕೊನೆಯಿಲ್ಲದ ಆವರ್ತನೆ ಬರೆಯಬೇಡ ಎಂದು ಮಾದರಿಗೆ ಸೂಚನೆ ಕೊಟ್ಟಿದ್ದಾರೆ. ಅದು ವಿನಂತಿಯೇ ಹೊರತು ಬೇಲಿಯಲ್ಲ. ಆ ಸ್ಕ್ರಿಪ್ಟಿಗೆ ನಿಮ್ಮ ಹೆಸರಿನಲ್ಲಿರುವ ಅಧಿಕಾರವೆಲ್ಲ ಇರುತ್ತದೆ. ಕಡತ ಅಳಿಸಬಹುದು, ಕಡತ ಓದಬಹುದು. ರೋಬ್ಲಾಕ್ಸ್ ಬಳಸುವ ಲುವಾವು ಭಾಷೆಯಲ್ಲಿ ಗಣಕದ ಕಡತಗಳನ್ನು ಮುಟ್ಟುವ ಆಜ್ಞೆಗಳನ್ನೇ ತೆಗೆದುಹಾಕಿದ್ದಾರೆ. ವಿನ್ಯಾಸದಲ್ಲಿ ಅದು ಮೇಲು.

ಆದ್ದರಿಂದ ಅಂಕಪಟ್ಟಿ, ಪ್ರಶ್ನೆಪತ್ರಿಕೆ ಇರುವ ಗಣಕದಲ್ಲಿ ಇದನ್ನು ಓಡಿಸಬೇಡಿ. ಹಳೆಯ ಗಣಕವೊಂದನ್ನು ಪ್ರತ್ಯೇಕವಾಗಿರಿಸಿ, ಅಧಿಕಾರವಿಲ್ಲದ ಬಳಕೆದಾರನ ಖಾತೆ ತೆರೆದು ಓಡಿಸಿ. ಪ್ರತಿ ಸುತ್ತಿಗೂ ದೂರದ ಸೇವೆಗೆ ಹಣ ತೆರಬೇಕು, ಅಂತರಜಾಲವೂ ಬೇಕು. ಮಳೆಗಾಲದ ಕೊಡಗಿನಲ್ಲಿ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ಹಣವಿಲ್ಲದವರಿಗೆ ಲುವಾಂಟಿ ಎಂಬ ಮುಕ್ತ ತಂತ್ರಾಂಶವಿದೆ. 2024ರವರೆಗೆ ಇದರ ಹೆಸರು ಮೈನ್‌ಟೆಸ್ಟ್ ಎಂದಿತ್ತು. ಲುವಾ ಭಾಷೆಯ ಸಣ್ಣ ಸ್ಕ್ರಿಪ್ಟುಗಳಿಂದ ಅದರ ಸೂತ್ರಗಳನ್ನೂ ಗುರುತ್ವವನ್ನೂ ನಿಮಗೆ ಬೇಕಾದಂತೆ ಬದಲಿಸಬಹುದು. ಮೇಲೆ ಹೇಳಿದ ಪಿಕಾಸಿ ಮತ್ತು ಸಲಿಕೆಯ ಅದಲುಬದಲಿನ ಪರೀಕ್ಷೆಯನ್ನು ಅಂತಿಮ ವರ್ಷದ ಇಬ್ಬರು ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಮಾಡಿ ಮುಗಿಸಬಲ್ಲರು. ಓಟಗಳು ಮಾತ್ರ ಮೂರಕ್ಕೆ ನಿಲ್ಲದೆ ಮೂವತ್ತಾದರೂ ಆಗಲಿ.